ಲಿಂಗನಮಕ್ಕಿಯ ಮೇಲೆ ಹಾರಲು ಹಳೆಯ ಕಂಪ್ಯೂಟರಿಗೆ ಏನೇನು ಬೇಕು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಆಟದಲ್ಲಿ, ಮಂಗಳೂರಿನ ಬಜಪೆಯಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ಏರಿಸಿ ಮೂತಿಯನ್ನು ನೇರ ಉತ್ತರಕ್ಕೆ ತಿರುಗಿಸಿದರೆ, ಸುಮಾರು 135 ಕಿಲೋಮೀಟರ್ ದೂರದಲ್ಲಿ ಲಿಂಗನಮಕ್ಕಿ ಸಿಗುತ್ತದೆ. ದಾರಿಗೆ ಅಡ್ಡ ನಿಂತ ಕೊಡಚಾದ್ರಿ 1,343 ಮೀಟರ್ ಎತ್ತರವಿರುವುದರಿಂದ 5,500 ಅಡಿಗಿಂತ ಕೆಳಗೆ ಇಳಿಯುವಂತಿಲ್ಲ. ಮುಕ್ಕಾಲು ಗಂಟೆಯ ಹಾರಾಟ. ವಿದ್ಯುತ್ ಇಲಾಖೆಯಲ್ಲಿ 34 ವರ್ಷ ದುಡಿದು, ಆ ಹಿನ್ನೀರಿನ ಸುತ್ತಲಿನ ಲೈನುಗಳನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಿದವನು ನಾನು. ನಿವೃತ್ತಿಯ ನಂತರ ಅದೇ ನೀರನ್ನು ಮೇಲಿನಿಂದ ನೋಡುವ ಆಸೆಯಾಯಿತು. ಆದರೆ ಕೊಡಚಾದ್ರಿಯ ಬಳಿ ಬರುವಷ್ಟರಲ್ಲಿ ಚಿತ್ರ ಹಳೆಯ ಟೂರಿಂಗ್ ಟಾಕೀಸಿನ ರೀಲಿನಂತೆ ಜಗ್ಗತೊಡಗುತ್ತಿತ್ತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ದೊಡ್ಡ ಪ್ರಯಾಣಿಕ ವಿಮಾನ ಎ320 ಹತ್ತಿ ಕುಳಿತರಂತೂ ಸೆಕೆಂಡಿಗೆ ಹತ್ತೊಂಬತ್ತೋ ಇಪ್ಪತ್ತೋ ಫ್ರೇಮು, ಅಂದರೆ ಬಿಡಿಚಿತ್ರ, ಅಷ್ಟೇ.

ಕಂಪ್ಯೂಟರು ಮಗಳು 2019ರಲ್ಲಿ ಓದಿಗೆಂದು ಜೋಡಿಸಿಕೊಂಡದ್ದು. ಮದುವೆಯಾಗಿ ಹೋಗುವಾಗ ಇಲ್ಲೇ ಬಿಟ್ಟಳು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಗ್ರಾಫಿಕ್ಸ್ ಕಾರ್ಡ್. ಸಿಮ್ಯುಲೇಟರ್ ಮೈಕ್ರೋಸಾಫ್ಟಿನ 2020ರ ಆವೃತ್ತಿ. 2024ರದ್ದು ಬಂದಿದೆ, ಗೊತ್ತು. ಅದಕ್ಕೆ 50 ಎಂಬಿಪಿಎಸ್ ಇಂಟರ್‌ನೆಟ್ ಇದ್ದರೆ ಒಳ್ಳೆಯದೆಂದು ಅವರೇ ಹೇಳುತ್ತಾರೆ. ಹಳೆಯದಕ್ಕೆ 20 ಸಾಕು. ನಮ್ಮೂರು ಸಾಗರದ ಮಳೆಗಾಲದಲ್ಲಿ ನನ್ನ 40ರ ಲೈನು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಳೆಯದರಲ್ಲೇ ಇದ್ದೇನೆ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ವಿಮಾನದ ಆಟವೆಂದರೆ ಚಿತ್ರ, ಚಿತ್ರವೆಂದರೆ ಗ್ರಾಫಿಕ್ಸ್ ಕಾರ್ಡ್ ಎಂದು ಲೆಕ್ಕ ಹಾಕಿ ಆರ್‌ಟಿಎಕ್ಸ್ 3060 ತಂದು ಕೂರಿಸಿದೆ. ಕೊಡಚಾದ್ರಿಯ ಮೋಡಗಳು ಸುಂದರವಾದವು, ನಿಜ. ಬೆಂಗಳೂರಿನ ನಿಲ್ದಾಣದಲ್ಲಿ ಮಾತ್ರ ಇಪ್ಪತ್ತಿದ್ದದ್ದು ಇಪ್ಪತ್ತೊಂದಾಯಿತು. ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನ್ ಮಾಡಿ ಗೋಳಾಡಿದೆ. ಅವನು ನಗಲಿಲ್ಲ, ಒಂದೇ ಪ್ರಶ್ನೆ ಕೇಳಿದ: “ದೊಡ್ಡಪ್ಪ, ಊರಿಗೆ ಕರೆಂಟ್ ಹೋದರೆ ನೀವು ಮೊದಲು ಫ್ಯೂಸ್ ನೋಡುತ್ತಿದ್ದಿರೋ, ಟ್ರಾನ್ಸ್‌ಫಾರ್ಮರನ್ನೇ ಬದಲಿಸುತ್ತಿದ್ದಿರೋ?”

ನೀವು ಫ್ಯೂಸ್ ನೋಡಿ. ಸಿಮ್ಯುಲೇಟರಿನ ಸಾಮಾನ್ಯ ಆಯ್ಕೆಗಳಲ್ಲಿ ಡೆವಲಪರ್ ಮೋಡ್ ಇದೆ. ಅದನ್ನು ಆನ್ ಮಾಡಿದರೆ ಪರದೆಯ ನೆತ್ತಿಯಲ್ಲಿ ಒಂದು ಮೆನು ಬರುತ್ತದೆ. ಅದರಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮು ಎಂಬುದು) ತೋರಿಸುವ ಆಯ್ಕೆಯನ್ನು ಹಾಕಿ. ಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ ಫ್ರೇಮಿನ ಸಂಖ್ಯೆಯ ಜೊತೆಗೆ ಯಾವುದು ತಡೆಯುತ್ತಿದೆ ಎಂಬುದೂ ಬರೆದಿರುತ್ತದೆ. ‘ಮೇನ್‌ಥ್ರೆಡ್’ ಎಂದಿದ್ದರೆ ದೋಷ ಪ್ರೊಸೆಸರಿನದು, ‘ಜಿಪಿಯು’ ಎಂದಿದ್ದರೆ ಗ್ರಾಫಿಕ್ಸ್ ಕಾರ್ಡಿನದು. ಒಮ್ಮೆ ದೊಡ್ಡ ನಿಲ್ದಾಣದಲ್ಲಿ ನಿಂತು, ಇನ್ನೊಮ್ಮೆ ಮೋಡದ ನಡುವೆ ಹಾರುತ್ತಾ ನೋಡಿ ಬರೆದುಕೊಳ್ಳಿ. ನನ್ನ ಯಂತ್ರ ನೆಲದ ಮೇಲೆ ಮೊದಲಿನಿಂದಲೂ ಮೇನ್‌ಥ್ರೆಡ್ ಎಂದೇ ಕೂಗುತ್ತಿತ್ತು. ಕೇಳಿಸಿಕೊಳ್ಳುವ ಮೊದಲೇ ನಾನು ದುಡ್ಡು ಕೊಟ್ಟಿದ್ದೆ.

ಕಾರಣವನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಫ್ರೇಮಿಗೂ ಒಬ್ಬನೇ ಅಡುಗೆಯವನು ಒಗ್ಗರಣೆ ಹಾಕಬೇಕು. ಸಾಸಿವೆ ಒಲೆಯ ಪಕ್ಕದ ಡಬ್ಬಿಯಲ್ಲಿದ್ದರೆ ಸರಿ, ಪ್ರತಿ ಸಲವೂ ಉಗ್ರಾಣಕ್ಕೆ ಓಡಬೇಕಾದರೆ ಎಣ್ಣೆ ಸೀದುಹೋಗುತ್ತದೆ. ಉಗ್ರಾಣವೆಂದರೆ ರ‍್ಯಾಮ್, ಡಬ್ಬಿಯೆಂದರೆ ಪ್ರೊಸೆಸರಿನೊಳಗಿನ ಕ್ಯಾಶ್. ರೈಜನ್ 2600ರಲ್ಲಿ ಎಲ್3 ಕ್ಯಾಶ್ 16 ಎಂಬಿ. ಅದೇ ಎಎಂ4 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಮಣೆಗೆ) ಹೊಂದುವ ರೈಜನ್ 7 5700ಎಕ್ಸ್3ಡಿಯಲ್ಲಿ 96 ಎಂಬಿ. ಎಎಂ4 ಬೋರ್ಡ್ ಇರುವವರು ಬೋರ್ಡು, ರ‍್ಯಾಮು ಎಲ್ಲವನ್ನೂ ಎಸೆಯುವ ಮೊದಲು ಈ ದಾರಿಯನ್ನು ನೋಡಲೇಬೇಕು. ಅದನ್ನು ಹಾಕಿದ ಮೇಲೆ ಅದೇ ಎ320, ಅದೇ ಬೆಂಗಳೂರು, ಫ್ರೇಮು 38.

ಆದರೆ ಅದಕ್ಕೂ ಮೊದಲು ಪವರ್ ಸಪ್ಲೈ. ಇದು ನನ್ನ ಕ್ಷೇತ್ರ, ಸ್ವಲ್ಪ ಉದ್ದ ಹೇಳುತ್ತೇನೆ. ಹಳೆಯ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಎಂದಿತ್ತು. ಪಕ್ಕದ ಸಣ್ಣಕ್ಷರದ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 24 ಆಂಪಿಯರ್. ಗುಣಿಸಿದರೆ 288 ವಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡು ಹೆಚ್ಚುಕಡಿಮೆ ಪೂರ್ತಿ ಉಣ್ಣುವುದು ಈ ಸಾಲಿನಿಂದಲೇ. 3060 ಒಂದಕ್ಕೇ 170 ವಾಟ್ ಬೇಕು, ಹೊಸ ಪ್ರೊಸೆಸರಿನ ಲೆಕ್ಕ 105. ಎರಡೂ ಸೇರಿ 275, ಆ 288ರ ಅಂಚಿಗೇ ಬಂತು. ಜೋಡಿಸಿಕೊಟ್ಟ ಅಂಗಡಿಯವನು ಮೋಸ ಮಾಡಿದನೆಂದು ನಾನು ಹೇಳುವುದಿಲ್ಲ. ನಾವು ಕೋಷ್ಟಕ ಓದಲಿಲ್ಲ. 650 ವಾಟಿನ ಒಳ್ಳೆಯದೊಂದನ್ನು ಹಾಕಿ. ಕೇಬಲ್ ಬಿಚ್ಚಿ ಹಾಕುವ ಮಾದರಿಯಾದರೆ ಹಳೆಯದರ ಕೇಬಲನ್ನು ಹೊಸದಕ್ಕೆ ಸಿಕ್ಕಿಸಲೇಬೇಡಿ. ತೂತು ಒಂದೇ ಥರ ಕಂಡರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು.

ಯುಪಿಎಸ್ ಕೂಡ ಹಾಗೆಯೇ. ನಮ್ಮ ಮನೆಯಲ್ಲಿದ್ದ 600 ವಿಎ ಯುಪಿಎಸ್ ಕೊಡುತ್ತಿದ್ದದ್ದು 360 ವಾಟ್. ಹಾರುತ್ತಿರುವಾಗ ಕರೆಂಟ್ ಹೋದರೆ ಅದು ಒಮ್ಮೆ ಕುಯ್ಯೆಂದು ತಾನೂ ಮಲಗುತ್ತಿತ್ತು. ಈಗ 600 ವಾಟ್ ಕೊಡುವ, ಶುದ್ಧ ಸೈನ್ ತರಂಗದ ಯುಪಿಎಸ್ ಇದೆ. ಇನ್ನೊಂದು: ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡಿ. ನನ್ನಲ್ಲಿ ಒಂಬತ್ತು ಇತ್ತು! ಊರಿಗೆಲ್ಲ ಅರ್ತಿಂಗ್ ಪಾಠ ಹೇಳಿದವನ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಗುಂಡಿ ತೆಗೆಸಿ, ತುಕ್ಕು ಹಿಡಿದ ತಂತಿ ಬದಲಿಸಿ, ಇದ್ದಿಲು ಉಪ್ಪು ತುಂಬಿಸಿದ ಮೇಲೆ ಎರಡರೊಳಗೆ ಬಂತು. ನಿಮಗೆ ಈ ಕೆಲಸ ಬಾರದಿದ್ದರೆ ಎಲೆಕ್ಟ್ರಿಷಿಯನ್ನನ್ನೇ ಕರೆಸಿ.

ಇನ್ನು ಪ್ರೊಸೆಸರ್ ಬದಲಿಸುವ ದಿನ. ಹಳೆಯದು ಇನ್ನೂ ಸಾಕೆಟ್ಟಿನಲ್ಲಿರುವಾಗಲೇ ಬಯೋಸ್ (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ) ಹೊಸದು ಮಾಡಬೇಕು. ತಡವಾದರೆ ಹೊಸ ಪ್ರೊಸೆಸರಿನ ಗುರುತೇ ಬೋರ್ಡಿಗೆ ಸಿಗುವುದಿಲ್ಲ. ಬೋರ್ಡ್ ತಯಾರಕರ ಪಟ್ಟಿಯಲ್ಲಿ ಯಾವ ಆವೃತ್ತಿ ಬೇಕೆಂದು ನೋಡಿ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಗಾಳಿಮಳೆಯ ದಿನ ಈ ಕೆಲಸಕ್ಕೆ ಕೈಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತು. ವಿಂಡೋಸ್ ಡಿಸ್ಕನ್ನು ಬಿಟ್‌ಲಾಕರ್ ಬೀಗ ಹಾಕಿ ಇಟ್ಟಿದೆಯೇ ಎಂದು ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಪ್ರೊಸೆಸರ್ ಬದಲಾದ ಕೂಡಲೇ ಎಫ್‌ಟಿಪಿಎಂ (ಆ ಬೀಗದ ಕೀಲಿ ಇಟ್ಟುಕೊಳ್ಳುವ ಭಾಗ) ಹೊಸದಾಗಿ ಶುರುವಾಗಬೇಕೇ ಎಂದು ಕಪ್ಪು ಪರದೆ ಕೇಳುತ್ತದೆ. ಹೌದೆಂದರೆ ಹಳೆಯ ಕೀಲಿ ಅಳಿಸಿಹೋಗುತ್ತದೆ, ಆಗ ಆ ಚೀಟಿಯೇ ಗತಿ.

ಪ್ರೊಸೆಸರನ್ನು ತಂಪಾಗಿಡುವ ಕೂಲರ್ ತೆಗೆಯುವಾಗ ಅವಸರ ಬೇಡ. ಎಎಂ4 ಪ್ರೊಸೆಸರಿನ ಹೊಟ್ಟೆಯ ಮೇಲೆ 1,331 ಪಿನ್ನುಗಳಿವೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಐದು ವರ್ಷದ ಹಳೆಯ ಪೇಸ್ಟ್ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಕೂಲರನ್ನು ನೇರವಾಗಿ ಎಳೆದರೆ ಪ್ರೊಸೆಸರು ಅದಕ್ಕೆ ಅಂಟಿಕೊಂಡೇ ಕಿತ್ತು ಬರುತ್ತದೆ. ನಾನು ಮೊದಲು ಇಪ್ಪತ್ತು ನಿಮಿಷ ಹಾರಾಟ ನಡೆಸಿ ಬಿಸಿ ಮಾಡಿದೆ. ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಬಾಟಲಿಯ ಬಿಗಿ ಮುಚ್ಚಳ ಸಡಿಲಿಸುವಂತೆ ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ತಿರುವಿದೆ. ನಾಲ್ಕನೆಯ ಸಲ ‘ಚಪ್’ ಎಂದು ಬಿಟ್ಟಿತು. ಹೊಸದನ್ನು ಮೂಲೆಯ ಚಿನ್ನದ ಬಣ್ಣದ ತ್ರಿಕೋನ ನೋಡಿ ಇಡಿ. ತಾನಾಗಿ ಕೂರಬೇಕು, ಒತ್ತಬಾರದು. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. 5700ಎಕ್ಸ್3ಡಿ ಜೊತೆ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಕ್ಯಾಬಿನೆಟ್ಟಿನ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಿ. ಈ ಪ್ರೊಸೆಸರಿನ ತಾಪದ ಮಿತಿ 90 ಡಿಗ್ರಿ, ನನ್ನದು ಏಪ್ರಿಲ್ ಸೆಕೆಯಲ್ಲೂ 76 ದಾಟಿಲ್ಲ.

ಉಳಿದದ್ದು ಸುಲಭ. ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ. ಬಯೋಸಿನಲ್ಲಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ 3200ರ ವೇಗಕ್ಕೆ ದುಡ್ಡು ಕೊಟ್ಟು ಅದಕ್ಕಿಂತ ಕಡಿಮೆ ವೇಗದಲ್ಲಿ ಓಡಿಸಿದಂತೆ. ಸಿಮ್ಯುಲೇಟರನ್ನು ಹಾರ್ಡ್‌ಡಿಸ್ಕಿನಿಂದ ಎನ್‌ವಿಎಂಇ ಎಂಬ ವೇಗದ ಡಿಸ್ಕಿಗೆ ಸಾಗಿಸಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ಹೊಸ 4060 ಬಿಟ್ಟು 12 ಜಿಬಿಯ 3060ನ್ನೇ ತಂದದ್ದಕ್ಕೆ ಪಶ್ಚಾತ್ತಾಪವಿಲ್ಲ: ಬಿ450 ಹಳೆಯ ಪಿಸಿಐಇ 3.0 (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) ಬೋರ್ಡು, ಅದರಲ್ಲಿ ಮಾಹಿತಿ ಸಾಗಿಸಲು 4060 ಬಳಸುವುದು ಎಂಟೇ ದಾರಿ, ಮೆಮೊರಿಯೂ 8 ಜಿಬಿ.

ಆಮೇಲೆ ಸೆಟ್ಟಿಂಗ್. ಪ್ರೊಸೆಸರಿಗೆ ಭಾರವಾಗುವುದು ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲವನ್ನು ಎಷ್ಟು ವಿವರವಾಗಿ ತೋರಿಸಬೇಕೆಂಬುದು) ಮತ್ತು ನಿಲ್ದಾಣದ ವಾಹನ, ವಿಮಾನಗಳ ದಟ್ಟಣೆ. ಗ್ರಾಫಿಕ್ಸ್ ಕಾರ್ಡಿಗೆ ಭಾರವಾಗುವುದು ಮೋಡ ಮತ್ತು ರೆಂಡರ್ ಸ್ಕೇಲಿಂಗ್ (ಚಿತ್ರವನ್ನು ಎಷ್ಟು ಸ್ಪಷ್ಟವಾಗಿ ಬಿಡಿಸಬೇಕೆಂಬುದು). ಟೆರೇನನ್ನು 120ಕ್ಕೆ ಇಟ್ಟು, ದಟ್ಟಣೆಯನ್ನು 20ಕ್ಕೆ ಇಳಿಸಿ, ಮೋಡವನ್ನು ಹೈಗೆ ಬಿಟ್ಟಿದ್ದೇನೆ. ವಿ-ಸಿಂಕ್ (ಫ್ರೇಮನ್ನು ಪರದೆಯ ವೇಗಕ್ಕೆ ಹೊಂದಿಸುವ ಆಯ್ಕೆ) ಹಾಕಿ ಫ್ರೇಮನ್ನು 30ಕ್ಕೆ ಕಟ್ಟಿದ್ದೇನೆ. 38ರಿಂದ 26ಕ್ಕೆ ಜಾರಿ ಮತ್ತೆ ಏರುವ ಚಿತ್ರಕ್ಕಿಂತ ಕದಲದ ಮೂವತ್ತು ಕಣ್ಣಿಗೆ ಹಿತ.

ಒಟ್ಟು ಖರ್ಚು 70,000 ರೂಪಾಯಿಗೆ ಸ್ವಲ್ಪ ಕಡಿಮೆ, ಅರ್ತಿಂಗ್ ಗುಂಡಿ ಸೇರಿ. ಹಳೆಯ ಪ್ರೊಸೆಸರನ್ನು ಕೂಡಲೇ ಮಾರಬೇಡಿ. ಹೊಸದು ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ, ಪಿನ್ನು ಬಾಗದಂತೆ, ಒಂದು ತಿಂಗಳಾದರೂ ಇಟ್ಟಿರಿ. ಹೊಸದರಲ್ಲಿ ತೊಂದರೆ ಕಂಡರೆ ದೋಷ ಬೋರ್ಡಿನದೋ ಪ್ರೊಸೆಸರಿನದೋ ಎಂದು ಪತ್ತೆಹಚ್ಚಲು ಮನೆಯಲ್ಲಿ ಇರುವುದು ಅದೊಂದೇ.