ಲಂಡನ್–ಟೋಕಿಯೋ: ದಾರದ ಲೆಕ್ಕ, ಗಡಿಯಾರದ ಲೆಕ್ಕ

ಎರಡು ದೂರದ ಊರುಗಳ ನಡುವೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹುಡುಕುವುದು ದಾರವನ್ನು. ಫೋನ್ ನೋಡಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಆ ಉತ್ತರ ಹೇಗೆ ಬಂತು ಅಂತ ಗೊತ್ತಾಗುವುದಿಲ್ಲವಲ್ಲ.

ಲಂಡನ್–ಟೋಕಿಯೋ ಲೆಕ್ಕ ಮಾಡಿದ್ದನ್ನೇ ಹೇಳುತ್ತೇನೆ. ನನ್ನ ಗ್ಲೋಬಿನ ವ್ಯಾಸ 30 ಸೆಂ.ಮೀ., ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಲ್ಲಿಗೆ ಗ್ಲೋಬಿನ ಒಂದು ಸೆಂ.ಮೀ. ಅಂದರೆ 425 ಕಿ.ಮೀ. ದಾರದ ತುದಿಯನ್ನು ಲಂಡನ್ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಟೋಕಿಯೋವರೆಗೆ ಎಳೆದೆ. ಗ್ಲೋಬಿನ ಮೇಲೆ ಬಿಗಿಯಾಗಿ ಎಳೆದ ದಾರವೇ ಅತಿ ಹತ್ತಿರದ ದಾರಿ; ಬಿಗಿ ಮಾಡಿದ ಹಾಗೆಲ್ಲ ಅದು ತಾನಾಗಿಯೇ ಉತ್ತರಕ್ಕೆ ಜಾರಿತು. ನಾರ್ವೆ, ಸ್ವೀಡನ್ ದಾಟಿ, ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು, ಸೈಬೀರಿಯಾದ ಮೇಲೆ ಇಳಿದು ಬಂತು. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ಗೆರೆ ಕಜಕಸ್ತಾನದ ಮೇಲೆ ಹೋಗುತ್ತದೆ! ಚಪ್ಪಟೆ ನಕ್ಷೆಯಲ್ಲಿ ದೂರ ಅಳೆಯಲು ಹೋಗಲೇಬೇಡಿ.

ದಾರ 22.5 ಸೆಂ.ಮೀ. ಬಂತು. ಅಂದರೆ ಸುಮಾರು 9,560 ಕಿ.ಮೀ. ದೊಡ್ಡ ಜೆಟ್ ವಿಮಾನಗಳ ವೇಗ ಮೇಲೆ ಹೋದ ನಂತರ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹತ್ತೂವರೆ ಗಂಟೆ. ಏರುವುದು, ಇಳಿಯುವುದು, ರನ್‌ವೇವರೆಗೆ ತೆವಳುವುದು ಎಲ್ಲ ಸೇರಿ ಇನ್ನೊಂದು ಮುಕ್ಕಾಲು ಗಂಟೆ ಹಾಕಿದೆ. ಒಟ್ಟು ಹನ್ನೊಂದೂಕಾಲು ಗಂಟೆ.

ಇನ್ನು ವೇಳಾಪಟ್ಟಿ. ಅದರಲ್ಲಿ ಆಯಾ ಊರಿನ ಸಮಯ ಇರುತ್ತದೆ, ಸುಮ್ನೆ ಕಳೆದರೆ ಆಗುವುದಿಲ್ಲ. ಚಳಿಗಾಲದಲ್ಲಿ ಟೋಕಿಯೋ 9 ಗಂಟೆ ಮುಂದೆ, ಬೇಸಿಗೆಯಲ್ಲಿ 8. ಚಳಿಗಾಲದಲ್ಲಿ ಲಂಡನ್ನಿನಿಂದ ಬೆಳಿಗ್ಗೆ 11ಕ್ಕೆ ಹೊರಟು ಮರುದಿನ ಬೆಳಿಗ್ಗೆ 10ಕ್ಕೆ ತಲುಪಿದರೆ ಗಡಿಯಾರದಲ್ಲಿ 23 ಗಂಟೆ. 9 ತೆಗೆದರೆ 14.

ನನ್ನ ಹನ್ನೊಂದೂಕಾಲು ಗಂಟೆಗೂ ಈ ಹದಿನಾಲ್ಕಕ್ಕೂ ಇಷ್ಟು ಅಂತರ ಯಾಕೆ? ದಾರಕ್ಕೆ ರಾಜಕೀಯ ಗೊತ್ತಿಲ್ಲ. ಮೊದಲು ಈ ಪ್ರಯಾಣಕ್ಕೆ ಹನ್ನೆರಡು ಗಂಟೆಯೂ ಬೇಕಿರಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟಿಷ್, ಜಪಾನಿ ವಿಮಾನಗಳು ರಷ್ಯಾದ ಮೇಲೆ ಹಾರುವುದು ನಿಂತು, ಸುತ್ತು ದಾರಿ ಹಿಡಿಯಬೇಕಾಯಿತು. ಹೆಲ್ಸಿಂಕಿ–ಟೋಕಿಯೋದ ಪಾಡು ಇನ್ನೂ ಕಷ್ಟ: ಒಂಬತ್ತೂವರೆ ಗಂಟೆ ಇದ್ದದ್ದು ಹದಿಮೂರರ ಹತ್ತಿರ ಬಂತು.

ಗಾಳಿಯ ಲೆಕ್ಕ ಬೇರೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಅದಕ್ಕೇ ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು 8 ಗಂಟೆ, ವಾಪಸ್ ಬರಲು 7. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ವಿಮಾನ ಐದು ಗಂಟೆಯೊಳಗೇ ಲಂಡನ್ ಮುಟ್ಟಿತ್ತು.

ಹಾಗಾಗಿ ನಾನು ಕೊನೆಗೆ ವಿಮಾನಗಳ ದಾರಿ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣ ತೆರೆದು, ನಾನು ಲೆಕ್ಕ ಹಾಕಿದ ವಿಮಾನ ನಿಜವಾಗಿ ಹೋದ ದಾರಿ ನೋಡುತ್ತೇನೆ. ಟೋಕಿಯೋದಿಂದ ಲಂಡನ್ನಿಗೆ ಬರುವ ಎಷ್ಟೋ ವಿಮಾನಗಳು ಈಗ ಪೂರ್ವಕ್ಕೆ ಹೊರಟು ಅಲಾಸ್ಕಾ, ಗ್ರೀನ್‌ಲ್ಯಾಂಡ್ ಮೇಲೆ ಬರುತ್ತವೆ. ಹೋಗುವಾಗ ಮಧ್ಯ ಏಷ್ಯಾದ ಮೇಲೆ, ಬರುವಾಗ ಹೀಗೆ. ಒಂದು ರಿಟರ್ನ್ ಟಿಕೆಟ್ಟಿನಲ್ಲಿ ಭೂಮಿಗೆ ಪೂರ್ತಿ ಒಂದು ಸುತ್ತು!