ಗ್ರಾನೈಟ್ ಕೊಯ್ಯುವಾಗ ದೂಳು ಎದೆಗಿಳಿಯದಂತೆ ನೋಡಿಕೊಳ್ಳುವುದು ಹೇಗೆ?

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವವರು ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗಾಗುವಷ್ಟು ದೂಳಿನ ನಡುವೆ ಕೂತಿರುವುದನ್ನು ಮನೆ ಕಟ್ಟುವ ಕಡೆಯಲ್ಲೆಲ್ಲ ಕಾಣುತ್ತೇವೆ. ಟವೆಲ್ ತಡೆಯುವುದು ದಪ್ಪ ದೂಳನ್ನು ಮಾತ್ರ. ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ, ಕಣ್ಣಿಗೆ ಕಾಣದ ಕಣಗಳು ಅದರ ನೇಯ್ಗೆಯನ್ನು ದಾಟಿ ಶ್ವಾಸಕೋಶದ ತಳದವರೆಗೆ ಇಳಿದು, ಅಲ್ಲಿನ ಮೃದು ಅಂಗಾಂಶವನ್ನು ಗಂಟುಗಂಟಾಗಿ ಗಡುಸು ಮಾಡುತ್ತವೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ 1940ರ ದಶಕದಲ್ಲೇ ದಾಖಲಾದ ಈ ಸಿಲಿಕೋಸಿಸ್ ಅನ್ನು ವಾಸಿಮಾಡುವ ಔಷಧ ಇಂದಿಗೂ ಇಲ್ಲ.

ಮೊದಲು ಕಲ್ಲು ಯಾವುದೆಂದು ತಿಳಿದುಕೊಳ್ಳಿ. ಚಾಮರಾಜನಗರದ ಕಪ್ಪು ಶಿಲೆಯಲ್ಲಿ ಬೆಣಚುಕಲ್ಲಿನ, ಅಂದರೆ ಸಿಲಿಕಾದ, ಅಂಶ ಕಡಿಮೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಹೆಚ್ಚು. ಈಚೆಗೆ ಬಂದಿರುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬುಗಳಲ್ಲಿ ಸಿಲಿಕಾ ಶೇ 90ನ್ನೂ ಮೀರಬಹುದು. ಆಸ್ಟ್ರೇಲಿಯಾ 2024ರ ಜುಲೈನಿಂದ ಅವುಗಳನ್ನು ನಿಷೇಧಿಸಿದೆ. ನಮ್ಮ ಮನೆಗಳಿಗೂ ಅವು ಬೇಡ.

ಎರಡನೆಯದಾಗಿ, ಸರಿಯಾದ ಅಳತೆ ಕೊಟ್ಟು, ನೀರು ಹರಿಸಿ ಕೊಯ್ಯುವ ದೊಡ್ಡ ಯಂತ್ರವಿರುವ ಅಂಗಡಿಯಲ್ಲೇ ಕಲ್ಲನ್ನು ಕೊಯ್ಯಿಸಿ ತನ್ನಿ. ಮನೆಯಲ್ಲೇ ಕೊಯ್ಯಬೇಕಾದರೆ ಬ್ಲೇಡಿಗೆ ತಾನಾಗಿ ನೀರು ಬೀಳುವ ಕೊಳವೆಯಿರುವ ಯಂತ್ರವನ್ನೇ ತರಿಸಿ, ಬಯಲಿನಲ್ಲಿಟ್ಟು, ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನಾಗಿ ಆರಿಸುವ ಸ್ವಿಚ್) ಇರುವ ಲೈನಿನಿಂದ ನಡೆಸಿ. ಸಾಮಾನ್ಯ ಗ್ರೈಂಡರಿಗೆ ಸಹಾಯಕನೊಬ್ಬ ಬಾಟಲಿಯಿಂದ ನೀರು ಸುರಿಯುವ ಅಡ್ಡದಾರಿ ಬೇಡವೇ ಬೇಡ: ವಿದ್ಯುತ್ ಆಘಾತದ ಭಯ ಒಂದೆಡೆಯಾದರೆ, ಆ ಹುಡುಗನ ಮೂಗು ಬ್ಲೇಡಿನಿಂದ ಎರಡೇ ಅಡಿ ದೂರದಲ್ಲಿರುತ್ತದೆ.

ಜನ ಹೆಚ್ಚು ಎಡವುವುದು ಮಾಸ್ಕ್ ಹಾಕುವಲ್ಲಿ. ಎನ್‌95 ಅಥವಾ ಭಾರತೀಯ ಮಾನಕವಾದ ಐಎಸ್ 9473ರ ಗುರುತಿರುವ ಎಫ್‌ಎಫ್‌ಪಿ2 ಮಾಸ್ಕನ್ನೇ ಕೊಳ್ಳಿ; ಪ್ಲಾಸ್ಟಿಕ್ ಬಿರಡೆ ಅಂಟಿಸಿದ ಬಟ್ಟೆಯ ಮಾಸ್ಕುಗಳಿಗೆ ದುಡ್ಡು ಕೊಡಬೇಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಬಿಗಿಯಾಗಿ ಕೂರುತ್ತದೆ. ಮೇಲಿನ ಪಟ್ಟಿ ನಡುನೆತ್ತಿಯ ಹಿಂಭಾಗದಲ್ಲಿ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಮೇಲೆ ಇರಬೇಕು. ಎರಡನ್ನೂ ಕತ್ತಿಗೇ ಇಳಿಬಿಟ್ಟರೆ ಮೂಗಿನ ಪಕ್ಕ ಸಂದು ಬಿಡುತ್ತದೆ. ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟದೆ, ಎರಡೂ ಕೈಗಳ ಬೆರಳುಗಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಬನ್ನಿ. ಆಮೇಲೆ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರೆಳೆದುಕೊಂಡಾಗ ಅದು ಒಳಕ್ಕೆ ಸೆಳೆದುಕೊಳ್ಳಬೇಕು. ಅಂಚಿನಿಂದ ಕಣ್ಣಿಗೆ ಗಾಳಿ ತಾಕಿದರೆ ಮತ್ತೆ ಮೊದಲಿನಿಂದ ಕೂರಿಸಿ. ಗಡ್ಡವಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ; ಈ ಕೆಲಸ ಮಾಡುವವರು ನುಣ್ಣಗೆ ಕ್ಷೌರ ಮಾಡಿಕೊಳ್ಳಲೇಬೇಕು.

ಕೆಲಸ ಮುಗಿದ ಮೇಲೆ ಒಣ ಪೊರಕೆ ಆಡಿಸದೆ, ಕೆಸರು ಒಣಗುವ ಮುನ್ನವೇ ಬಳಿದು ತೆಗೆಯಿರಿ. ಬಟ್ಟೆಯನ್ನು ಕೊಡವದೆ ಬೇರೆಯಾಗಿ ಒಗೆಯಿರಿ.

ವರ್ಷಗಟ್ಟಲೆ ಕಲ್ಲಿನ ಕೆಲಸ ಮಾಡಿದವರು ಕೆಮ್ಮು, ಏದುಸಿರು ಬರುವವರೆಗೆ ಕಾಯದೆ ಎದೆಯ ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಬಹುದು, ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಯಾವ ಕಲ್ಲನ್ನು ಎಷ್ಟು ವರ್ಷ ಕೊಯ್ದಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗವಾಗಿರುವುದರಿಂದ, ಮುಂದೆ ಪರಿಹಾರ ಕೇಳುವಾಗ ಆ ಚೀಟಿಯೂ ಹಳೆಯ ಎಕ್ಸ್‌ರೇಗಳೂ ಬೇಕಾಗುತ್ತವೆ.