ಒಂದೇ ಕುರ್ಚಿ ಹಿಡ್ಕೊಂಡು ಎಲ್ಲಾ ಇಸಂ ದಾಟಿದ್ದು: ನನ್ನ ಅನುಭವ

ಒಂದು ಮರದ ಕುರ್ಚಿ ಇಟ್ಕೊಂಡು, ವ್ಯಾನ್ ಗೋ ಕಾಲದ ಪೋಸ್ಟ್ ಇಂಪ್ರೆಷನಿಸಂನಿಂದ, ಐಡಿಯಾನೇ ಕೆಲಸ ಅನ್ನೋ ಕಾನ್ಸೆಪ್ಚುವಲ್ ಆರ್ಟ್‌ವರೆಗೆ, ಕಲೆಯ ಒಂದೊಂದು ಚಳವಳಿಗೂ (ಅದೇ ಇಸಂ) ಒಂದೊಂದು ಕೆಲಸ ಮಾಡ್ತೀನಿ ಅಂದಾಗ ಜೊತೆಯ ಪೇಂಟರ್‌ಗಳು ಯಾರೂ ಒಪ್ಪಲಿಲ್ಲ. ಬರೀ ನಕಲು ಇದು, ಕಾಲೇಜು ಹುಡುಗರ ಅಸೈನ್‌ಮೆಂಟ್, ಯಾವ ಗ್ಯಾಲರಿಯೋರೂ ಮುಟ್ಟಲ್ಲ ಅಂದ್ರು. ಈಗ ಇಡೀ ಸೀರೀಸ್ ಒಂದೇ ಸೆಟ್ ಆಗಿ ಮಾರಾಟ ಆಗಿದೆ, ಅದಕ್ಕೇ ಬರೀತಿದೀನಿ.

ಕುರ್ಚಿನೇ ಯಾಕೆ ಅಂದ್ರೆ ಈ ದಾರಿ ತುಂಬಾ ಕುರ್ಚಿಗಳೇ. ವ್ಯಾನ್ ಗೋ 1888ರಲ್ಲಿ ಬರೆದ ಹಳದಿ ಕುರ್ಚಿ, ಪಿಕಾಸೊ 1912ರಲ್ಲಿ ಅಂಟಿಸಿದ ಬೆತ್ತದ ಹೆಣಿಗೆ, ರೌಶೆನ್‌ಬರ್ಗ್ 1960ರ 'ಪಿಲ್ಗ್ರಿಂ'ನಲ್ಲಿ ನಿಜವಾದ ಕುರ್ಚಿನೇ ಕ್ಯಾನ್ವಾಸ್‌ಗೆ ಸೇರಿಸಿ ಬಣ್ಣ ಎಳೆದಿದ್ದು, 1964ರಲ್ಲಿ ಬಾಯ್ಸ್ ಕುರ್ಚಿ ಮೇಲೆ ಕೊಬ್ಬು ಮೆತ್ತಿದ್ದು, ವಾರ್ಹೋಲ್ ಪ್ರಿಂಟ್ ಮಾಡಿದ ಎಲೆಕ್ಟ್ರಿಕ್ ಚೇರ್ (ಮರಣದಂಡನೆ ಕುರ್ಚಿ), ಆಮೇಲೆ 1965ರಲ್ಲಿ ಕೊಸುತ್ ಕುರ್ಚಿ, ಅದರ ಫೋಟೋ, ಅದರ ನಿಘಂಟಿನ ಅರ್ಥ ಮೂರನ್ನೂ ಪಕ್ಕಪಕ್ಕ ಇಟ್ಟಿದ್ದು. ಬೇರೆ ಯಾವ ವಸ್ತು ಹಿಡಿದಿದ್ರೂ ಇಷ್ಟು ದೂರ ಬರ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಒಂದೇ ನಿಯಮ ಇಟ್ಕೊಂಡಿದ್ದೆ. ಚಿತ್ರ ಹೆಂಗೆ ಕಾಣುತ್ತೆ ಅನ್ನೋದನ್ನ ನಕಲು ಮಾಡಬಾರದು, ಆ ಕಲಾವಿದರ ಕೈಲಿದ್ದ ಸಾಮಾನು ಏನು, ಆ ಸಾಮಾನು ಏನನ್ನ ಮಾಡೋಕೆ ಬಿಡ್ತಿರಲಿಲ್ಲ, ಅದನ್ನ ಮಾತ್ರ ತಗೋಬೇಕು.

ವಸ್ತೂನ ಹಲವು ಕಡೆಯಿಂದ ನೋಡಿ ತುಂಡುತುಂಡಾಗಿ ತೋರಿಸೋ ಕ್ಯೂಬಿಸಂನಲ್ಲೇ ಈ ನಿಯಮ ಸರಿ ಅಂತ ಗೊತ್ತಾಯ್ತು. ಕುರ್ಚೀನ ಮುಖಮುಖವಾಗಿ ಒಡೆದು ಬರೆದ ಕ್ಯಾನ್ವಾಸ್‌ಗಳೆಲ್ಲ ಸತ್ತಂಗಿದ್ವು, ಒಂದೂ ಉಳಿಸಲಿಲ್ಲ. ಪಿಕಾಸೊ ಆ ಬೆತ್ತದ ಹೆಣಿಗೆ ಬರೆದೇ ಇಲ್ಲ ನೋಡಿ, ಹೆಣಿಗೆ ಪ್ರಿಂಟ್ ಆಗಿರೋ ಆಯಿಲ್‌ಕ್ಲಾತ್ ಅಂಟಿಸಿ ಸುತ್ತ ಹಗ್ಗ ಕಟ್ಟಿದ, ಅವನ ಜೊತೆಯ ಪೇಂಟರ್ ಬ್ರಾಕ್ ಅದೇ ವರ್ಷ ಮರದ ಗೆರೆ ಪ್ರಿಂಟ್ ಇರೋ ವಾಲ್‌ಪೇಪರ್ ತಂದ. ನಾನೂ ಬ್ರಶ್ ಕೆಳಗಿಟ್ಟು ಮರದ ಗೆರೆ ಇರೋ ಶೀಟ್ ಅಂಟಿಸಿ ಮೇಲೆ ಚಾರ್ಕೋಲ್ ಎಳೆದೆ, ಒಂದು ಮಧ್ಯಾಹ್ನದಲ್ಲಿ ಮುಗೀತು. ವ್ಯಾನ್ ಗೋ ಥರ ದಪ್ಪ ಪೇಂಟ್ ಹಾಕಿದ್ದು ಒಣಗೋಕೇ ವಾರಗಟ್ಟಲೆ ತಗೊಂಡಿತ್ತು, ಅದರ ಬಗ್ಗೆ ಹೇಳೋದು ಅಷ್ಟೇ.

ದುಡ್ಡು ಹೋಗಿದ್ದು ಕಲರ್ ಫೀಲ್ಡ್‌ನಲ್ಲಿ, ಅಂದ್ರೆ ದೊಡ್ಡ ಬಟ್ಟೆ ತುಂಬ ಬರೀ ಬಣ್ಣ ಹರಡೋ ಚಳವಳೀಲಿ. ಒಟ್ಟು ಖರ್ಚಲ್ಲಿ ಹೆಚ್ಚುಕಮ್ಮಿ ಅರ್ಧ ಇದೊಂದಕ್ಕೇ. ಪೇಂಟರ್ ಹೆಲೆನ್ ಫ್ರಾಂಕೆಂಥಾಲರ್ 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಮಾಡಿದಾಗ ಆಯಿಲ್ ಪೇಂಟ್‌ನ ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ಪ್ರೈಮ್ ಮಾಡದ (ತಳಪದರ ಬಳಿಯದ) ಬಟ್ಟೆಗೆ ಸುರಿದಿದ್ರು, ಆಗ ಅವರಿಗೆ 23 ವರ್ಷ. ನಾನೂ ಹಂಗೇ ಸುರಿದೆ, ಬಣ್ಣದ ಸುತ್ತ ಎಣ್ಣೆ ಹರಡಿ ಒಂದು ಅಂಚು ಕಟ್ತು. ನೋಡೋಕೆ ಚೆನ್ನಾಗೇ ಇತ್ತು, ಆದ್ರೆ ಜೆಸ್ಸೊ, ಅಂದ್ರೆ ಆ ತಳಪದರ, ಇಲ್ಲದ ಬಟ್ಟೆ ನೂಲನ್ನ ಎಣ್ಣೆ ನಿಧಾನಕ್ಕೆ ತಿನ್ನುತ್ತೆ, ದುಡ್ಡು ಕೊಟ್ಟು ತಗೊಳ್ಳೋರಿಗೆ ಅಂಥದ್ದು ಕೊಡೋಕೆ ನನಗೆ ಮನಸ್ಸಿಲ್ಲ. ಅಕ್ರಿಲಿಕ್‌ಗೆ ಬಂದೆ. ನೀರಿನ ಅಕ್ರಿಲಿಕ್ ಪ್ರೈಮ್ ಮಾಡದ ಕಾಟನ್ ಡಕ್ (ದಪ್ಪ ಹತ್ತಿ ಬಟ್ಟೆ) ಒಳಗೆ ಇಳಿಯೋದೇ ಇಲ್ಲ, ಹನಿಹನಿ ಆಗಿ ಕೂತ್ಬಿಡುತ್ತೆ, ಬಲವಂತ ಮಾಡಿದ್ರೆ ಕೆಸರು. ಹಿಂಗೇ ಬಣ್ಣ ಸುರೀತಿದ್ದ ಪೇಂಟರ್ ಮಾರಿಸ್ ಲೂಯಿಸ್‌ಗೆ ಸಿಕ್ಕಿದ್ದು ಮ್ಯಾಗ್ನಾ, ಅದು ಟರ್ಪೆಂಟೈನ್‌ಗೆ ಕರಗೋ ಅಕ್ರಿಲಿಕ್, ಅದರ ಓಟಾನೇ ಬೇರೆ. ಮೀಟರ್‌ಗಟ್ಟಲೆ ಬಟ್ಟೆ ಹಾಳಾದ್ಮೇಲೆ, ಬಟ್ಟೇನ ಮೊದಲು ಒಗೆದು ಗಂಜಿ ತೆಗೆದು, ಒದ್ದೆ ಇರುವಾಗಲೇ ಫ್ಲೋ ಇಂಪ್ರೂವರ್ (ಬಣ್ಣ ಸಲೀಸಾಗಿ ಹರಿಯೋಕೆ ಬೆರೆಸೋ ದ್ರವ) ಹಾಕಿದ ಪೇಂಟ್ ಸುರಿದಾಗ ಒಳಗೆ ಇಳೀತು.

ಆದ್ರೂ ಅದರಲ್ಲಿ ಕುರ್ಚಿ ಇರಲಿಲ್ಲ, ಬರೀ ಬಣ್ಣದ ಮಚ್ಚೆ. ಆಗ ಹೊಳೀತು, ಒದ್ದೆ ಬಟ್ಟೇನ ಕುರ್ಚಿ ಮೇಲೇ ಹೊದಿಸಿ ಬೆನ್ನಿನ ತುದಿಯಿಂದ ಬಣ್ಣ ಬಿಟ್ಟೆ, ಬೆನ್ನು, ಸೀಟಿನ ಅಂಚು, ಕೈ, ಎಲ್ಲ ಸೇರಿ ಬಣ್ಣಕ್ಕೆ ದಾರಿ ತೋರಿಸಿದ್ವು, ಒಣಗಿದ್ಮೇಲೆ ಬಿಡಿಸಿ ಗೋಡೆಗೆ ಹಾಕಿದ್ರೆ ಒಂದೂ ಗೆರೆ ಎಳೀದೆ ಕುರ್ಚಿ ನಿಂತಿತ್ತು. ಇದನ್ನ ನೋಡಿದ್ಮೇಲೆ ನಕಲು ಅಂದೋರೆಲ್ಲ ಸುಮ್ಮನಾದ್ರು. ಲೂಯಿಸ್ ವಾಷಿಂಗ್ಟನ್ನಿನ ತನ್ನ ಮನೆಯ ಹದಿನಾಲ್ಕು ಅಡಿ ಉದ್ದದ ಊಟದ ಕೋಣೇಲೇ ಅಷ್ಟಷ್ಟು ದೊಡ್ಡ ಬಟ್ಟೆ ಹೆಂಗೆ ಹಿಡೀತಿದ್ದ ಅಂತ ಯಾರಿಗೂ ತೋರಿಸಲಿಲ್ಲ. ಬಟ್ಟೆಗೂ ಮರಕ್ಕೂ ಮಧ್ಯೆ ನಾನು ಏನಿಡ್ತೀನಿ, ಪೇಂಟಿಗೆ ನೀರು ಎಷ್ಟು ಅನ್ನೋದನ್ನ ನಾನೂ ಹೇಳಲ್ಲ.

ಇದರ ಮಧ್ಯೆ ರೌಶೆನ್‌ಬರ್ಗ್ 1953ರಲ್ಲಿ ಪೇಂಟರ್ ಡಿ ಕೂನಿಂಗ್ ಮಾಡಿದ ಡ್ರಾಯಿಂಗ್ ಒಂದನ್ನ ಅಳಿಸಿ ಅದನ್ನೇ ತನ್ನ ಕೆಲಸ ಅಂದಿದ್ದು ನೆನಪಾಗಿ ನನ್ನದೇ ಒಳ್ಳೆ ಕುರ್ಚಿ ಡ್ರಾಯಿಂಗ್ ಒಂದನ್ನ ಅಳಿಸೋಕೆ ಕೂತೆ. ಚಾರ್ಕೋಲ್ ಹೋಗುತ್ತೆ, ಕ್ರೇಯಾನ್ ಹೋಗಲ್ಲ, ಪೇಪರ್ ಜುಂಗು ಏಳುತ್ತೆ. ಬರೆಯೋದಕ್ಕಿಂತ ಅಳಿಸೋದಕ್ಕೆ ಜಾಸ್ತಿ ಹೊತ್ತು ಹಿಡೀತು. ಸೆಟ್‌ಗೆ ಹಾಕಲಿಲ್ಲ, ಅದು ನನಗೇ ಇರ್ಲಿ ಅಂತ ಇಟ್ಕೊಂಡೆ.

ಹೋದ ದುಡ್ಡು ವಾಪಸ್ ತಂದಿದ್ದು ವಾರ್ಹೋಲ್ ದಾರಿಯ ಪಾಪ್ ಆರ್ಟ್, ಅಂದ್ರೆ ಸ್ಕ್ರೀನ್ ಪ್ರಿಂಟಿಂಗ್. ಚಿತ್ರಾನ ಬೆಳಕಲ್ಲಿ ಒಂದು ಸ್ಕ್ರೀನ್‌ಗೆ (ಜಾಲರಿಗೆ) ಇಳಿಸಿದ್ರೆ ಎಷ್ಟು ಪ್ರಿಂಟ್ ಬೇಕಾದ್ರೂ ತೆಗೀಬಹುದು, ಸೆಟ್‌ಗೆ ಒಂದು ಇಟ್ಕೊಂಡು ಉಳಿದಿದ್ದನ್ನ ಬಿಡಿಯಾಗಿ ಮಾರಿದೆ. ಶುರೂಲಿ 43 ಮೆಶ್‌ನಲ್ಲಿ (ಸೆಂಟಿಮೀಟರ್‌ಗೆ 43 ಎಳೆ ಇರೋ ಜಾಲರಿ) ಫೋಟೋದ ಛಾಯೆ ತೋರಿಸೋ ಹಾಫ್‌ಟೋನ್ ಚುಕ್ಕಿ ಎಲ್ಲ ಮೆತ್ಕೊಂಡು ಕಪ್ಪಾಗ್ತಿತ್ತು, ಇನ್ನೂ ಸಣ್ಣ ಕಣ್ಣಿನ 77ಕ್ಕೆ ಹೋದ್ಮೇಲೆ ಸರಿಯಾಯ್ತು. ಇಂಕ್ ಒಣಗಿ ಮೆಶ್ ಕಟ್ಟಿ ಮಸುಕಾಗಿ ಬಂದ ಪ್ರಿಂಟ್‌ಗಳನ್ನ ಮೊದಲು ಪಕ್ಕಕ್ಕಿಡ್ತಿದ್ದೆ. ವಾರ್ಹೋಲ್ ಅಂಥವನ್ನೇ ಬಿಟ್ಕೊಂಡಿದ್ದು, 1962ರ 'ಮರ್ಲಿನ್ ಡಿಪ್ಟಿಕ್' ಬಲಗಡೆ ಅರ್ಧ ನೋಡಿ, ಮುಖ ಕರಗಿ ಹೋಗುತ್ತಲ್ಲ. ನನ್ನದ್ರಲ್ಲೂ ಮೊದಲು ಮಾರಾಟ ಆಗಿದ್ದು ಮಸುಕಾದ ಕುರ್ಚಿಗಳೇ.

ಕೊನೇದು ಕೊಸುತ್ ದಾರಿ. ಕುರ್ಚಿ, ಅದು ನಿಂತಿರೋ ಜಾಗದಲ್ಲೇ ತೆಗೆದ ಅಷ್ಟೇ ದೊಡ್ಡ ಫೋಟೋ, ಪಕ್ಕದಲ್ಲಿ ನಿಘಂಟಿನ ಅರ್ಥ ದೊಡ್ಡದಾಗಿ. ಖರ್ಚು ಎಲ್ಲಕ್ಕಿಂತ ಕಮ್ಮಿ, ಮಾತುಕತೆ ಎಲ್ಲಕ್ಕಿಂತ ಜಾಸ್ತಿ. ಸೆಟ್ ತಗೊಳ್ಳೋರು ಮೊದಲು ಕುರ್ಚಿಗೆ ಹೊದಿಸಿ ಮಾಡಿದ ಬಟ್ಟೆ ಪೀಸ್ ಒಂದೇ ಸಾಕು ಅಂದ್ರು, ನಾನು ಬಿಡಿ ಕೊಡಲ್ಲ ಅಂದೆ, ಯಾಕಂದ್ರೆ ಆ ಎಲ್ಲ ಕೆಲಸಕ್ಕೂ ಕೂತ ಕುರ್ಚಿ ಇದೇ, ಕುರ್ಚಿ ಕೈ ಮೇಲೆ ಇನ್ನೂ ಬಣ್ಣ ಇದೆ. ಕೊನೆಗೆ ಒಪ್ಪಿದ್ರು. ಕುರ್ಚಿ ಬೇರೆ ರೂಮಿಗೆ ಹೋದ್ರೆ ಅಲ್ಲೇ ಹೊಸ ಫೋಟೋ ತೆಗೀಬೇಕು, ತೆಗೆಯೋದು ನಾನು, ಪ್ರಿಂಟ್ ಖರ್ಚು ಅವರದ್ದು ಅಂತ ಕಾಗದದಲ್ಲಿ ಬರೆಸ್ಕೊಂಡಿದೀನಿ.